ಹಾಲ್‌ನ ಫಾಲ್ಸ್ ಸೀಲಿಂಗಲ್ಲಿ ಗೆರೆ, ಗುಳ್ಳೆ, ಹಳದಿ ಕಲೆ: ನಾವೇ ಸರಿಮಾಡ್ಕೋಬಹುದಾ?

ಬಾಲ್ಕನಿತುಳಸಿ · ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರು, 3ನೇ ಮಹಡಿ, 2 ಬಿಎಚ್‌ಕೆ ಫ್ಲ್ಯಾಟು. ಐದು ವರ್ಷದ ಹಿಂದೆ ಹಾಲ್‌ಗೆ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಮಾಡಿಸಿದ್ವಿ. ಮಾಡಿದವರು ಈಗ ಫೋನ್ ಎತ್ತಲ್ಲ. ಈಗ ಹೀಗಾಗಿದೆ:

ಟಿವಿ ಗೋಡೆಯಿಂದ ಬಾಲ್ಕನಿ ಕಡೆಗೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಒಂದು ಕೂದಲೆಳೆ ಬಿರುಕು, ಸುಮಾರು 6 ಅಡಿ. ಅಲ್ಲಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಗುಳ್ಳೆ ಎದ್ದಿದೆ, ಎಣಿಸಿದೆ, ಏಳು. ಬಾತ್‌ರೂಮ್ ಗೋಡೆ ಹತ್ರ ಊಟದ ತಟ್ಟೆ ಅಗಲ ಹಳದಿ ಕಲೆ, ಅಂಚು ಮಾತ್ರ ಕಾಫಿ ಬಣ್ಣ. ಇವುಗಳ ಜೊತೆಗೆ ಮಧ್ಯದಲ್ಲೊಂದು ಹಳೇ ಹುಕ್ಕಿನ ತೂತು, ಯಾರು ಯಾವಾಗ ಹಾಕಿದ್ದೋ.

ಪೇಂಟರ್ ಒಬ್ಬರನ್ನ ಕರೆಸಿದ್ರೆ ಪೂರ್ತಿ ಹಾಲ್‌ಗೆ ಪುಟ್ಟಿ, ಪೇಂಟು ಎಲ್ಲ ಸೇರಿ 28 ಸಾವಿರ ಅಂದ್ರು. ವರಮಹಾಲಕ್ಷ್ಮಿ ಹಬ್ಬಕ್ಕೆ ಅತ್ತೆ ಬರ್ತಾರೆ, ಇನ್ನು 26 ದಿನ ಇದೆ. ನನಗೆ ಏಣಿ ಹತ್ತೋಕೆ ಭಯ ಇಲ್ಲ. ಪುಟ್ಟಿ ಎಳೆಯೋ ಬ್ಲೇಡ್ ಹಿಡಿದು ಮಾತ್ರ ಗೊತ್ತಿಲ್ಲ. ಆಗುತ್ತಾ?

ಧಾರವಾಡಪೇಡಾ · ಭಾನುವಾರ ರಾತ್ರಿ

ಅಕ್ಕಾರ, ಇಷ್ಟಕ್ಕ 28 ಸಾವಿರ ಯಾಕ ಕೊಡ್ತೀರಿ? ಅಂಗಡ್ಯಾಗ ಒಂದು ಕೆ.ಜಿ. ವಾಲ್ ಪುಟ್ಟಿ ಪ್ಯಾಕೆಟ್ ತಗೊಂಡು, ನೀರಾಗ ಕಲಸಿ, ಬಿರುಕಿಗೆ ತಿಕ್ಕಿಬಿಡ್ರಿ. ಮ್ಯಾಲೆ ಬಿಳೀ ಪೇಂಟ್. ಮುಗೀತ್ ನೋಡ್ರಿ. ನಮ್ಮನ್ಯಾಗ ನಾ ಹಂಗ ಮಾಡೀನಿ.

ಗರಗಸ · ಭಾನುವಾರ ರಾತ್ರಿ

ಪೇಡಾ ಅವರೇ, ನಿಮ್ಮದು ಆರ್‌ಸಿಸಿ, ಅಂದ್ರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಸ್ಲ್ಯಾಬಿಗೆ ಗಿಲಾವು ಮಾಡಿದ ಸೂರು ಇರಬೇಕು. ಇವರದು ಕಾಗದ ಹೊದ್ದ ಬೋರ್ಡು. ಎರಡಕ್ಕೂ ಒಂದೇ ಮದ್ದಲ್ಲ.

ತುಳಸಿ ಮೇಡಂ, ನಾನು ಮೈಸೂರಲ್ಲಿ ಇಪ್ಪತ್ತು ವರ್ಷ ಇಂಟೀರಿಯರ್ ಸೈಟುಗಳಲ್ಲಿ ಮೇಸ್ತ್ರಿ ಕೆಲಸ ನೋಡ್ಕೊಂಡವನು. ಏನೂ ಬಳಿಯೋಕೆ ಮುಂಚೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಹಾಲ್‌ನ ದೀಪ ಎಲ್ಲ ಆರಿಸಿ, ಏಣಿ ಹತ್ತಿ, ಟಾರ್ಚನ್ನ ಸೀಲಿಂಗಿಗೆ ಕೆನ್ನೆ ಒತ್ತಿದ ಹಾಗೆ ಇಟ್ಟು ಬೆಳಕನ್ನ ಅಡ್ಡಡ್ಡ ಬಿಡಿ. ಅಲ್ಲಿರೋ ಹಳ್ಳ ದಿಣ್ಣೆ ಎಲ್ಲಾ ನೆರಳು ಬಿಟ್ಟು ಕಾಣಿಸ್ಕೊಳ್ಳುತ್ತೆ. ಹಗಲಲ್ಲಿ ಏಳು ಎಣಿಸಿದ್ದೀರಿ, ರಾತ್ರಿ ಇನ್ನೂ ಸಿಗುತ್ತೆ. ಸಿಕ್ಕಿದ್ದಕ್ಕೆಲ್ಲ ಪೆನ್ಸಿಲಲ್ಲಿ ಗುರುತು ಹಾಕಿ. ಪೆನ್ ಬೇಡ, ಇಂಕು ಪೇಂಟ್ ಮೇಲೆ ಎದ್ದು ಬರುತ್ತೆ.

ಆಮೇಲೆ ಬಿರುಕಿನ ಎರಡೂ ಪಕ್ಕ ಹೆಬ್ಬೆರಳಲ್ಲಿ ಒತ್ತಿ ನೋಡಿ. ಬೋರ್ಡು ಅಲುಗುತ್ತಾ? ಕಲೆ ಇರೋ ಕಡೆ ಮೆತ್ತಗಿದೆಯಾ? ಈ ಎರಡು ಉತ್ತರ ಹೇಳಿ, ಮಿಕ್ಕಿದ್ದು ಹೇಳ್ತೀನಿ.

ಬಾಲ್ಕನಿತುಳಸಿ · ಸೋಮವಾರ ಬೆಳಗ್ಗೆ

ಗರಗಸ ಸಾರ್, ನಿಮ್ಮ ಮಾತು ಓದೋಕೆ ಮುಂಚೆನೇ ನಾನು ಪೇಡಾ ಅವರ ಮಾತು ಕೇಳ್ಬಿಟ್ಟೆ 🙈 ರಾತ್ರಿನೇ ಮನೇಲಿದ್ದ ವಾಲ್ ಪುಟ್ಟಿ ಕಲಸಿ ಬಿರುಕಿಗೆ ಎಳೆದೆ. ಬೆಳಗ್ಗೆ ನೋಡಿದ್ರೆ ಬಿರುಕು ಹೋಗಿದೆ, ಅದರ ಜಾಗದಲ್ಲಿ ಎರಡಿಂಚು ಅಗಲದ ಏಣು ಬಂದಿದೆ. ಮುಂಚೆ ಕೂದಲೆಳೆ ಥರ ಇತ್ತು, ಈಗ ರಸ್ತೆ ಹಂಪ್ ಥರ ಕಾಣ್ತಿದೆ.

ಟಾರ್ಚ್ ಪರೀಕ್ಷೆನೂ ಮಾಡಿದೆ. ಗುಳ್ಳೆ ಏಳಲ್ಲ, ಹನ್ನೊಂದು! ನಮ್ಮನೆಯವರು ಕೆಳಗೆ ಏಣಿ ಹಿಡ್ಕೊಂಡು "ಸಾಕು ಎಣಿಸಿದ್ದು, ಇಳಿ" ಅಂತಿದ್ರು. ಬಿರುಕಿನ ಬಲಗಡೆ ಒತ್ತಿದ್ರೆ ಸ್ವಲ್ಪ ಒಳಗೆ ಹೋಗಿ ವಾಪಸ್ ಬರುತ್ತೆ. ಕಲೆ ಜಾಗ ಗಟ್ಟಿ ಇದೆ, ಆದ್ರೆ ಕೈಗೆ ತಣ್ಣಗೆ ಅನ್ಸುತ್ತೆ.

ಧಾರವಾಡಪೇಡಾ · ಸೋಮವಾರ

ಅಯ್ಯ, ತಪ್ಪಾತ್ರಿ ಅಕ್ಕಾರ. ನಾ ಇನ್ನ ಸುಮ್ಮ ಕೂತು ಓದ್ತೀನಿ.

ಸಿವಿಲ್‌ಭಾವ · ಸೋಮವಾರ

ತಣ್ಣಗೆ ಅನ್ಸಿದ್ರೆ ಒಳಗೆ ಇನ್ನೂ ತೇವ ಇದೆ ಅಂತ. ಹಾಗಾಗಿ ಕಲೆಯಿಂದ ಶುರು ಮಾಡಿ, ಬಿರುಕು ಎಲ್ಲೂ ಓಡಿ ಹೋಗಲ್ಲ.

ನಮ್ಮ ಕಡೆ ಫ್ಲ್ಯಾಟುಗಳಲ್ಲಿ ಬಾತ್‌ರೂಮಿನ ಸ್ಲ್ಯಾಬು ಹಾಲ್‌ಗಿಂತ ಒಂದಡಿ, ಒಂದೂವರೆ ಅಡಿ ಕೆಳಗಿರುತ್ತೆ, ಸಂಕನ್ ಸ್ಲ್ಯಾಬ್ ಅಂತಾರಲ್ಲ ಅದು. ಆ ಗುಂಡಿಗೆ ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಹಾಕಿರ್ತಾರೆ. ನಹಾನಿ ಟ್ರ್ಯಾಪಿನ (ನೆಲದ ನೀರು ಹೋಗೋ ಜಾಲರಿ ಬಾಯಿ) ಸುತ್ತ ಸಂದು ಬಿಟ್ರೆ ನೀರು ಆ ಇಟ್ಟಿಗೆ ಚೂರಲ್ಲಿ ನಿಂತು ನಿಧಾನಕ್ಕೆ ಕೆಳಗಿಳಿಯುತ್ತೆ. ಅದಕ್ಕೇ ಮೇಲಿನ ಮನೆಯವರು ಸರಿಮಾಡಿಸಿದ ಮೇಲೂ ವಾರಗಟ್ಟಲೆ ಹನಿ ನಿಲ್ಲಲ್ಲ, "ಸರಿಮಾಡಿಸಿದ್ರೂ ಸೋರ್ತಿದೆ" ಅಂತ ಜಗಳ ಆಗೋದು.

ಕಲೆ ಹತ್ರ ಡೌನ್‌ಲೈಟ್ ಇದ್ರೆ ಎಂಸಿಬಿ, ಅಂದ್ರೆ ಆ ಲೈನಿನ ಕರೆಂಟ್ ನಿಲ್ಲಿಸೋ ಸ್ವಿಚ್ಚು, ಇಳಿಸಿ, ಸ್ಪ್ರಿಂಗ್ ಕ್ಲಿಪ್ ಒತ್ತಿ ದೀಪ ಹೊರಗೆ ಎಳೀರಿ. ಆ ತೂತಲ್ಲಿ ಫೋನ್ ತೂರಿಸಿ ಫ್ಲ್ಯಾಶ್ ಹಾಕಿ ವಿಡಿಯೋ ತೆಗೀರಿ. ಬೋರ್ಡಿಗೂ ಸ್ಲ್ಯಾಬಿಗೂ ನಡುವೆ ಏನಾಗ್ತಿದೆ ಅಂತ ಸಿನಿಮಾ ಥರ ಕಾಣುತ್ತೆ.

ಮತ್ತೆ ಕಲೆಯ ಅಂಚಿನ ಮೇಲೇ ಪೆನ್ಸಿಲಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೀರಿ. ಕಲೆ ಗೆರೆ ದಾಟಿದ್ರೆ ಸೋರಿಕೆ ಜೀವಂತ ಇದೆ. ಹತ್ತು ದಿನ ದಾಟದೇ ಇದ್ರೆ ಬಣ್ಣದ ಯೋಚನೆ ಮಾಡಿ.

ಕುಡ್ಲಮಳೆ · ಸೋಮವಾರ

ನಮ್ಮಲ್ಲಿ ಮಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀಲಿಂಗ್ ಮುಟ್ಟಿದ್ರೆ ಯಾವಾಗಲೂ ತಣ್ಣಗೇ ಮಾರಾಯ್ರೇ, ಸೋರಿಕೆ ಇರಲಿ ಬಿಡಲಿ. ಹಾಗಾಗಿ ಮುಟ್ಟಿ ನೋಡಿ ತೀರ್ಮಾನ ಮಾಡ್ಲಿಕ್ಕೆ ಆಗುದಿಲ್ಲ. ಕಲೆ ಇಲ್ಲದ ಇನ್ನೊಂದು ಜಾಗ ಸಹ ಮುಟ್ಟಿ ಹೋಲಿಸಿ ನೋಡಿ.

ಕಪ್ಪು ಚುಕ್ಕೆ ಚುಕ್ಕೆ ಇದ್ದರೆ ಅದು ಬೂಷ್ಟು, ಅದರ ಕತೆ ಬೇರೆ. ಒಣಗಿದ ಬಟ್ಟೆಯಲ್ಲಿ ಉಜ್ಜಬೇಡಿ, ಬೀಜ ಮನೆಯಿಡೀ ಹಾರ್ತದೆ. ಹಸಿ ಬಟ್ಟೆಯಲ್ಲಿ ಒರೆಸಿ ತೆಗೀರಿ. ಬೋರ್ಡಿನ ಕಾಗದದ ಒಳಗೇ ಇಳಿದಿದ್ದರೆ ಒರೆಸಿ ಪ್ರಯೋಜನ ಇಲ್ಲ, ಆ ತುಂಡು ಕತ್ತರಿಸಿ ತೆಗೆಯುದೇ.

ಬಾಲ್ಕನಿತುಳಸಿ · ಮಂಗಳವಾರ ರಾತ್ರಿ

ಭಾವ ಅವರೇ, ವಿಡಿಯೋ ತೆಗೆದೆ. ಕೈ ನಡುಗ್ತಿತ್ತು, ಫೋನ್ ಒಳಗೆ ಬಿದ್ರೆ ಅಂತ ದಾರ ಕಟ್ಟಿದ್ದೆ. ಒಳಗೆ ಒಂದು ಪಿವಿಸಿ ಪೈಪು, ಬೆಂಡ್ ಇರೋ ಕಡೆ ಸುತ್ತ ಬಿಳೀ ಉಪ್ಪು ಕಟ್ಟಿದ ಹಾಗಿದೆ, ಅದರ ತುದೀಲಿ ಒಂದು ಹನಿ. ನಾನು ನೋಡ್ತಾ ಇರೋ ಹಾಗೇ ಬಿತ್ತು. ಹದಿನೆಂಟು ಸೆಕೆಂಡಿಗೆ ಇನ್ನೊಂದು.

ಮೇಲಿನ ಮನೆ ಅಂಕಲ್‌ಗೆ ತೋರಿಸಿದೆ. ಮೊದಲು "ನಮ್ಮ ಬಾತ್‌ರೂಮು ಒಣಗೇ ಇದೆ" ಅಂದ್ರು. ವಿಡಿಯೋ ನೋಡಿ ಆಂಟಿನೇ "ಮೊನ್ನೆ ನಹಾನಿ ಟ್ರ್ಯಾಪ್ ಜಾಲರಿ ಬದಲಾಯಿಸಿದಾಗ ಅಲುಗಾಡ್ತಿತ್ತಲ್ರೀ" ಅಂದ್ಬಿಟ್ರು. ಗುರುವಾರ ಪ್ಲಂಬರ್ ಬರ್ತಾರಂತೆ.

ಗರಗಸ · ಬುಧವಾರ

ಆ ಆಂಟಿಗೆ ಹಬ್ಬಕ್ಕೆ ಅರಿಶಿನ ಕುಂಕುಮ ಜೊತೆ ಒಂದು ಸೀರೆನೂ ಕೊಡಿ.

ಪ್ಲಂಬರ್ ಬರೋವರೆಗೆ ಕಲೆ ಬಿಡಿ, ಬಿರುಕು ನೋಡೋಣ. ನೀವು ಕಳಿಸಿದ ಫೋಟೋದಲ್ಲಿ ಬಿರುಕು ಪಕ್ಕದ ಗೋಡೆಯಿಂದ 4 ಅಡಿ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಬರೋದು 6 ಅಡಿ, 4 ಅಡಿ ಬೋರ್ಡು, ದಪ್ಪ ಹನ್ನೆರಡೂವರೆ ಮಿಲಿಮೀಟರು. ಅದರ ಉದ್ದದ ಅಂಚುಗಳನ್ನ ಫ್ಯಾಕ್ಟರಿಯಲ್ಲೇ ಸ್ವಲ್ಪ ಇಳಿಜಾರು ಮಾಡಿರ್ತಾರೆ. ಎರಡು ಬೋರ್ಡು ಪಕ್ಕಪಕ್ಕ ಕೂತಾಗ ಅಲ್ಲಿ ತೆಳುವಾದ ತೊಟ್ಟಿಲು ಥರ ಆಗುತ್ತೆ, ಸಂದಿ ಮುಚ್ಚೋ ಟೇಪೂ ಅದನ್ನ ತುಂಬೋ ಕಾಂಪೌಂಡೂ ಅದರೊಳಗೆ ಅಡಗಿ ಕೂರಬೇಕು. ಹಾಗಾಗಿ 4 ಅಡಿಗೆ ಬಂದ ಬಿರುಕು ಒಳ್ಳೇ ಸುದ್ದಿ, ತೇಪೆ ಅಡಗಿಸೋಕೆ ಜಾಗ ಇದೆ. ಅದೇ 6 ಅಡಿಗೆ, ಬೋರ್ಡಿನ ಕತ್ತರಿಸಿದ ತುದಿಯಲ್ಲಿ ಬಂದಿದ್ರೆ ಅಲ್ಲಿ ತೊಟ್ಟಿಲಿಲ್ಲ, ಏನು ಹಾಕಿದ್ರೂ ಮೇಲೆದ್ದೇ ನಿಲ್ಲುತ್ತೆ. ಅದನ್ನ ಒಂದೂವರೆ ಎರಡಡಿ ಅಗಲಕ್ಕೆ ಹರಡಿ ಕಣ್ಣಿಗೆ ಮೋಸ ಮಾಡಬೇಕು.

ಒತ್ತಿದ್ರೆ ಅಲುಗುತ್ತೆ ಅಂದ್ರಲ್ಲ, ಬಿರುಕು ಬಂದಿದ್ದು ಅದಕ್ಕೇ. ಸ್ಕ್ರೂ ಸಾಲದು, ಇಲ್ಲಾ ಚಾನೆಲ್, ಅಂದ್ರೆ ಬೋರ್ಡನ್ನ ಹೊತ್ತಿರೋ ಲೋಹದ ಪಟ್ಟಿ, ತಪ್ಪಿಸಿ ಹೊಡೆದಿದ್ದಾರೆ. ಎಷ್ಟು ಸಲ ತುಂಬಿದ್ರೂ ಮತ್ತೆ ಬಿಡುತ್ತೆ. ಮೊದಲು ಬೋರ್ಡು ಬಿಗಿ ಮಾಡ್ಬೇಕು.

ಹಳೇ ಸ್ಪೀಕರಿನ ಅಯಸ್ಕಾಂತ ಇದ್ರೆ ಬಟ್ಟೆ ಸುತ್ತಿ ಸೀಲಿಂಗ್ ಮೇಲೆ ಆಡಿಸಿ. ಪುಟ್ಟಿ ಒಳಗಿರೋ ಸ್ಕ್ರೂ ತಲೆಗೆ ಕಚ್ಕೊಳ್ಳುತ್ತೆ. ಸ್ಕ್ರೂಗಳು ಸಾಲಾಗಿ ಸಿಕ್ಕಿದ ಕಡೆ ಒಳಗೆ ಚಾನೆಲ್ ಇದೆ ಅಂತ ಲೆಕ್ಕ. ಆ ಸಾಲಲ್ಲಿ ಸುಮಾರು 9 ಇಂಚಿಗೊಂದು ಇರಬೇಕು. ಅಂತರ ಜಾಸ್ತಿ ಇರೋ ಕಡೆ 25 ಮಿಲಿಮೀಟರಿನ ಕಪ್ಪು ಡ್ರೈವಾಲ್ ಸ್ಕ್ರೂ ಹಾಕಿ. ತಲೆ ಕಾಗದಕ್ಕಿಂತ ಕೂದಲಷ್ಟು ಒಳಗೆ ಹೋಗಲಿ, ಕಾಗದ ಮಾತ್ರ ಹರೀಬಾರದು. ಬೋರ್ಡನ್ನ ಹಿಡ್ಕೊಂಡಿರೋದು ಆ ಕಾಗದವೇ, ಅದು ಹರಿದ್ರೆ ಸ್ಕ್ರೂ ಬರೀ ಸುಣ್ಣದಪುಡಿಯಲ್ಲಿ ನಿಂತ ಹಾಗೆ.

ನಿಮ್ಮ ಹನ್ನೊಂದು ಗುಳ್ಳೆಗೂ ಇದೇ ಕಾರಣ. ಸ್ಕ್ರೂ ನಿಂತಲ್ಲೇ ನಿಂತಿದೆ, ಬೋರ್ಡು ಅಲುಗಿ ಅಲುಗಿ ಅದರ ತಲೆ ಮೇಲಿದ್ದ ಪುಟ್ಟಿನ ಆಚೆ ತಳ್ಳಿದೆ. ಅದನ್ನೇ ಮತ್ತೆ ತಿರುಗಿಸಿ ಒಳಗೆ ಕಳಿಸಬೇಡಿ. ಎರಡಿಂಚು ಪಕ್ಕದಲ್ಲಿ, ಅದೇ ಚಾನೆಲ್ ಮೇಲೆ, ಬೋರ್ಡನ್ನ ಅಂಗೈಯಲ್ಲಿ ಮೇಲಕ್ಕೆ ಒತ್ತಿ ಹಿಡಿದು ಹೊಸದು ಹಾಕಿ. ಆಮೇಲೆ ಹಳೇದನ್ನ ಬಿಚ್ಚಿ ತೆಗೆದು, ಉದುರುತ್ತಿರೋ ಪುಟ್ಟಿ ಕೆರೆದು, ಎರಡು ಗುಳಿನೂ ತುಂಬಿ. ಡೌನ್‌ಲೈಟ್ ಹತ್ರ ಮಾಡೋವಾಗ ಎಂಸಿಬಿ ಇಳಿಸಿರಿ, ಬೋರ್ಡಿನ ಮೇಲೆ ವೈರು ಎಲ್ಲಿ ಮಲಗಿದೆ ಅಂತ ಯಾರಿಗೂ ಗೊತ್ತಿರಲ್ಲ.

ಸಿವಿಲ್‌ಭಾವ · ಬುಧವಾರ

ಹಾಕಿರೋ ಆ ವಾಲ್ ಪುಟ್ಟಿನ ಪೂರ್ತಿ ಕೆರೆದು ತೆಗೀರಿ ಅಂತಲೂ ಸೇರಿಸ್ತೀನಿ. ಪ್ಯಾಕೆಟ್ ಪುಟ್ಟಿ ಬಿಳೀ ಸಿಮೆಂಟಿನದ್ದು. ಸಿಮೆಂಟೂ ಜಿಪ್ಸಮ್ಮೂ ತೇವದಲ್ಲಿ ಕೂಡಿದ್ರೆ ನಡುವೆ ಎಟ್ರಿಂಗೈಟ್ ಅನ್ನೋ ಸೂಜಿ ಥರದ ಹರಳು ಬೆಳೆದು ಪದರವನ್ನ ಎಬ್ಬಿಸಬಹುದು. ನಿಮ್ಮಲ್ಲಿ ತೇವ ಬೇರೆ ಇದೆ. ಬೋರ್ಡ್ ಸಂದಿಗೆ ಅಂತಲೇ ಸಿಗೋ ಜಿಪ್ಸಮ್ ಜಾಯಿಂಟಿಂಗ್ ಕಾಂಪೌಂಡ್ ತಗೊಳ್ಳಿ.

ಮಿನೆಸೋಟಮೈಸೂರಮ್ಮ · ಬುಧವಾರ

ಇಲ್ಲಿ ಅಮೆರಿಕದಲ್ಲಿ ಮನೆಗೆ ಮನೆಯೇ ಡ್ರೈವಾಲ್, ಅಂದ್ರೆ ಇದೇ ಜಿಪ್ಸಮ್ ಬೋರ್ಡು. ಹದಿನಾಲ್ಕು ವರ್ಷದಲ್ಲಿ ಎರಡು ಮನೆ ಸೂರಿಗೆ ತೇಪೆ ಹಾಕಿದ ಅನುಭವದ ಮೇಲೆ ಹೇಳ್ತಿದೀನಿ. ಕಾಂಪೌಂಡಲ್ಲಿ ಎರಡು ಜಾತಿ. ಡಬ್ಬಿಯಲ್ಲಿ ಕಲಸಿಟ್ಟಿದ್ದು ನೀರು ಆರಿ ಒಣಗುತ್ತೆ, ಒಣಗ್ತಾ ಕುಗ್ಗುತ್ತೆ, ಉಜ್ಜೋಕೆ ಸುಲಭ. ಪುಡಿ ರೂಪದಲ್ಲಿ ಬರೋದು ರಾಸಾಯನಿಕವಾಗಿ ಗಟ್ಟಿಯಾಗುತ್ತೆ, ಕುಗ್ಗೋದು ಕಡಿಮೆ, ಉಜ್ಜೋಕೆ ರಟ್ಟೆ ಬೇಕು. ಮೊದಲ ಪದರಕ್ಕೆ ಪುಡಿಯದು, ಕೊನೇ ಪದರಕ್ಕೆ ಡಬ್ಬಿಯದು, ಇದು ನನ್ನ ಪದ್ಧತಿ.

ಟೇಪು ಕಾಗದದ್ದೇ ತಗೊಳ್ಳಿ. ಬಲೆ ಥರದ ಫೈಬರ್ ಟೇಪು ಅಂಟಿಸೋಕೆ ಸುಲಭ ಅಂತ ಎಲ್ಲರೂ ಅದಕ್ಕೇ ಬೀಳ್ತಾರೆ. ಅದು ಹಿಗ್ಗುತ್ತೆ, ಡಬ್ಬಿ ಕಾಂಪೌಂಡ್ ಜೊತೆ ಸೇರಿದ್ರೆ ಮತ್ತೆ ಬಿರುಕು.

ಗರಗಸ · ಬುಧವಾರ

ಅಮ್ಮ, ಬಲೆ ಟೇಪು ಪುಡಿ ಕಾಂಪೌಂಡ್ ಜೊತೆ ಚೆನ್ನಾಗೇ ನಿಲ್ಲುತ್ತೆ. ನಮ್ಮ ಹುಡುಗರು ನೂರಾರು ಮನೆಗೆ ಹಾಕಿದ್ದಾರೆ.

ಮಿನೆಸೋಟಮೈಸೂರಮ್ಮ · ಬುಧವಾರ

ಪುಡಿ ಜೊತೆ ನಿಲ್ಲುತ್ತೆ, ಒಪ್ಪಿದೆ. ತುಳಸಿ ಅವರ ಸೀಲಿಂಗ್ ಮಾಡಿದವರು ಯಾವುದರ ಜೊತೆ ಹಾಕಿದ್ರು, ಅದು ಹೇಳಿ ನೋಡೋಣ 😄

ಬಾಲ್ಕನಿತುಳಸಿ · ಶುಕ್ರವಾರ

ಪುಟ್ಟಿ ಕೆರೆದೆ. ಒಳಗೆ ಟೇಪೇ ಇಲ್ಲ! ಕಾಗದದ್ದೂ ಇಲ್ಲ, ಬಲೆಯದೂ ಇಲ್ಲ. ಬರೀ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿ ಪೇಂಟ್ ಹೊಡೆದಿದ್ದಾರೆ. ಐದು ವರ್ಷ ನಿಂತಿದ್ದೇ ದೊಡ್ಡದು.

ಪ್ಲಂಬರ್ ಬಂದು ಹೋದ್ರು. ಇವತ್ತು ಹನಿ ಒಂದು ನಿಮಿಷಕ್ಕೆ ಒಂದು. ಪೆನ್ಸಿಲ್ ಗೆರೆ ಹಾಕಿದ್ದೀನಿ, ಹನಿ ಕೆಳಗೆ ತೂತಿನ ಮೂಲಕ ಒಂದು ಐಸ್‌ಕ್ರೀಮ್ ಡಬ್ಬಿನೂ ಇಟ್ಟಿದ್ದೀನಿ.

ಟೇಪ್ ಹೇಗೆ ಕೂರಿಸೋದು? ಯಾರಾದ್ರೂ ನನಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳಿ.

ಗರಗಸ · ಶುಕ್ರವಾರ ರಾತ್ರಿ

ಸರಿ, ಕೂತ್ಕೊಂಡು ಬರೀತೀನಿ.

ಬ್ಲೇಡು ಮೂರು ಬೇಕು: 4 ಇಂಚು, 8 ಇಂಚು, 12 ಇಂಚು. ಬಿರುಕನ್ನ ಕಟ್ಟರ್ ತುದಿಯಲ್ಲಿ ಸ್ವಲ್ಪ ಅಗಲ ಮಾಡಿ, ಪುಡಿ ಬ್ರಶ್ಶಲ್ಲಿ ತೆಗೆದುಬಿಡಿ. ಹಳೇ ಪೇಂಟು ಹೊಳಪಿನದ್ದಾದ್ರೆ ಎರಡೂ ಪಕ್ಕ ಸ್ವಲ್ಪ ಉಜ್ಜಿ, ಇಲ್ಲಾಂದ್ರೆ ಕಾಂಪೌಂಡ್ ಕಚ್ಚಲ್ಲ.

ಕಲಸೋವಾಗ ನೀರು ಮೊದಲು, ಪುಡಿ ಆಮೇಲೆ. ನೀರಿನ ಮೇಲೆ ಪುಡಿ ಉದುರಿಸಿ, ಅದು ನೆನೆದು ಮುಳುಗಲಿ, ಎರಡು ನಿಮಿಷ ಬಿಟ್ಟು ಕಲಸಿ. ಬೆಣ್ಣೆ ಹದ. ಬ್ಲೇಡನ್ನ ತಲೆಕೆಳಗೆ ಹಿಡಿದ್ರೆ ಜಾರಿ ಬೀಳಬಾರದು. ಪಾತ್ರೆ ತೊಳೆದಿರಬೇಕು, ಹಿಂದಿನ ಸಲದ ಗಟ್ಟಿ ಚೂರು ಉಳಿದಿದ್ರೆ ಹೊಸದು ಕೈಯಲ್ಲೇ ಕಲ್ಲಾಗುತ್ತೆ. ನಮ್ಮ ಹಳೇ ಮೇಸ್ತ್ರಿ ಒಬ್ಬರು ಪಿಒಪಿ ಬೇಗ ಬಿಗೀಬಾರದು ಅಂತ ನಿಂಬೆಹಣ್ಣು ಹಿಂಡ್ತಿದ್ರು, ನಾವು ನಗ್ತಿದ್ವಿ. ಅದರ ಹುಳಿ ನಿಜಕ್ಕೂ ಜಿಪ್ಸಮ್ ಬಿಗಿಯೋದನ್ನ ತಡ ಮಾಡುತ್ತೆ ಅಂತ ಆಮೇಲೆ ತಿಳೀತು.

ಮೊದಲು ಸಂದಿ ತುಂಬಿ. ಅದರ ಮೇಲೆ ತೆಳ್ಳಗೆ ಇನ್ನೊಂದು ಎಳೆತ, ಟೇಪಿಗಿಂತ ಸ್ವಲ್ಪ ಅಗಲಕ್ಕೆ. ಹಸಿ ಇರೋವಾಗಲೇ ಕಾಗದದ ಟೇಪನ್ನ ಅದರ ಮಡಿಕೆ ಗುರುತು ಬಿರುಕಿನ ಮೇಲೇ ಬರೋ ಹಾಗೆ ಇಟ್ಟು, 4 ಇಂಚು ಬ್ಲೇಡಲ್ಲಿ ಮಧ್ಯದಿಂದ ಎರಡೂ ತುದಿಗೆ ಒತ್ತಿ ಎಳೀರಿ. ಒಳಗಿನ ಕಾಂಪೌಂಡ್ ಅಂಚಲ್ಲಿ ಹಿಂಡಿ ಹೊರಬರಬೇಕು. ಒಂದು ಕಡೆ ಒಣ ಉಳಿದ್ರೆ ನಾಳೆ ಅಲ್ಲೇ ಗಾಳಿ ಗುಳ್ಳೆ.

ಗಟ್ಟಿಯಾದ ಮೇಲೆ 8 ಇಂಚಿನದು, ಮಾರನೇ ದಿನ 12 ಇಂಚಿನದು. ಪ್ರತಿ ಸಲ ಹಿಂದಿನದಕ್ಕಿಂತ ಎರಡೆರಡು ಇಂಚು ಆಚೆ ಹೋಗಿ. ಬ್ಲೇಡಿನ ಹೊರಗಡೆ ಮೂಲೆಗೆ ಒತ್ತು ಕೊಡಿ, ಒಳಗಡೆ ಹಗುರ. ಅಂಚು ಸೊನ್ನೆಗೆ ಬರಬೇಕು. ನಿಮ್ಮ ಹಂಪ್ ಆಗಿದ್ದು ಎರಡಿಂಚಲ್ಲೇ ಎಲ್ಲಾ ಮುಗಿಸೋಕೆ ಹೋಗಿ. ಅದೇ ಎತ್ತರವನ್ನ ಒಂದಡಿಗೆ ಹರಡಿದ್ರೆ ಕಣ್ಣಿಗೆ ಸಿಗಲ್ಲ.

ಉಜ್ಜೋಕೆ 150 ನಂಬರು ಉಪ್ಪು ಕಾಗದ, ಕೊನೆಗೆ 220. ಅಂಚಿನಲ್ಲಿ ಬೋರ್ಡಿನ ಕಾಗದ ಕೆರೆದು ಜುಂಗು ಎಬ್ಬಿಸಬೇಡಿ.

ಕುಡ್ಲಮಳೆ · ಶನಿವಾರ

ಉಜ್ಜುವಾಗ ಎನ್95 ಮಾಸ್ಕ್, ಕನ್ನಡಕ ಹಾಕಿಯೇ ಆಯ್ತಾ. ಹಿಟ್ಟಿನ ಗಿರಣಿ ಆಗ್ತದೆ ಮನೆ. ಫ್ಯಾನ್ ಹಾಕಬೇಡಿ. ನಾನೊಮ್ಮೆ ಹಾಕಿದ್ದೇನೆ, ದೇವರ ಕೋಣೆಯ ದೀಪದ ಎಣ್ಣೆಯಲ್ಲಿ ಸಹ ಪುಡಿ. ಈಗ ನಾನು ಹಸಿ ಸ್ಪಂಜಿನಲ್ಲೇ ಒರೆಸಿ ನುಣುಪು ಮಾಡುದು. ನುಣುಪು ಸ್ವಲ್ಪ ಕಮ್ಮಿ, ಧೂಳು ಇಲ್ಲ.

ಮತ್ತೆ ಮಳೆಗಾಲದಲ್ಲಿ ಡಬ್ಬಿ ಕಾಂಪೌಂಡ್ ಒಣಗ್ಲಿಕ್ಕೆ ನಮ್ಮಲ್ಲಿ ಮೂರು ದಿನ ಬೇಕು. ಮೇಲೆ ಒಣಗಿದ ಹಾಗೆ ಕಾಣ್ತದೆ, ಉಗುರು ಒತ್ತಿದ್ರೆ ಒಳಗೆ ಹಸಿ. ಬಣ್ಣ ಪೂರ್ತಿ ಒಂದೇ ಬಿಳಿ ಆಗುವವರೆಗೆ ಕಾಯಿರಿ, ಬೂದು ಬೂದು ಇದ್ದರೆ ಇನ್ನೂ ಆಗಲಿಲ್ಲ.

ಚಾಮರಾಜಪೇಟೆಹುಡುಗ · ಶನಿವಾರ

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮ ಎಲೆಕ್ಟ್ರಿಷಿಯನ್ ಡೌನ್‌ಲೈಟ್‌ಗೆ ತಪ್ಪು ಜಾಗದಲ್ಲಿ 4 ಇಂಚಿನ ತೂತು ಕೊರೆದುಬಿಟ್ಟ. ಇಷ್ಟು ದೊಡ್ಡದಕ್ಕೂ ಪುಟ್ಟಿ ನಿಲ್ಲುತ್ತಾ?

ಮಿನೆಸೋಟಮೈಸೂರಮ್ಮ · ಶನಿವಾರ

ನಿಲ್ಲಲ್ಲ ಮಗು. ಒಂದು ಸುಲಭದ ಉಪಾಯ ಇದೆ. ಬೋರ್ಡಿನ ಚೂರೊಂದನ್ನ 8 ಇಂಚು ಚೌಕಕ್ಕೆ ಕತ್ತರಿಸು. ಹಿಂದುಗಡೆ ಮಧ್ಯದಲ್ಲಿ ನಾಲ್ಕೂವರೆ ಇಂಚಿನ ಚೌಕ ಗುರುತು ಮಾಡಿ, ಆ ಗೆರೆ ಮೇಲೆ ಕಟ್ಟರಲ್ಲಿ ಹಿಂದಿನ ಕಾಗದವನ್ನೂ ಜಿಪ್ಸಮನ್ನೂ ಕೊಯ್ಯಿ, ಮುಂದಿನ ಕಾಗದ ಮಾತ್ರ ಬಿಡು. ಆಮೇಲೆ ಚೌಕದ ಹೊರಗಿನ ಜಿಪ್ಸಮನ್ನ ಕಾಗದದಿಂದ ಸುಲಿದು ತೆಗಿ, ಕಡಲೆಕಾಯಿ ಸಿಪ್ಪೆ ಸುಲಿದ ಹಾಗೆ ಬಿಡುತ್ತೆ. ಈಗ ನಿನ್ನ ಕೈಯಲ್ಲಿರೋದು ನಡುವೆ ಬೋರ್ಡು, ಸುತ್ತ ಕಾಗದದ ಅಂಚು ಇರೋ ಒಂದು ಟೋಪಿ. ತೂತನ್ನೂ ಅದೇ ಅಳತೆಗೆ ಚೌಕ ಮಾಡ್ಕೊ. ಮೊದಲು ಎಂಸಿಬಿ ಇಳಿಸಿ, ಒಳಗೆ ವೈರು ಎಲ್ಲಿದೆ ನೋಡ್ಕೊಂಡೇ ಕೊಯ್ಯಿ. ಸುತ್ತ ಕಾಂಪೌಂಡ್ ಬಳಿದು ಟೋಪಿನ ತೂರಿಸಿ, ಕಾಗದದ ಅಂಚನ್ನ ಬ್ಲೇಡಲ್ಲಿ ಒತ್ತಿ ಎಳೆ. ಆ ಅಂಚೇ ಟೇಪು. ಆಮೇಲೆ ಗರಗಸ ಅವರು ಹೇಳಿದ ಹಾಗೆ ಅಗಲ ಅಗಲಕ್ಕೆ ಎರಡು ಪದರ.

ಇದಕ್ಕಿಂತ ದೊಡ್ಡದಾದ್ರೆ ಒಳಗೆ ಪ್ಲೈವುಡ್ ಪಟ್ಟಿ ತೂರಿಸಿ ಆಚೆಯಿಂದ ಸ್ಕ್ರೂ ಹಾಕಿ, ಅದಕ್ಕೆ ತುಂಡು ಬಿಗೀಬೇಕು.

ಈ ಎಳೆ ಓದ್ತಿರೋ ಅಮೆರಿಕದ ಕನ್ನಡಿಗರಿಗೂ ಒಂದು ಮಾತು. ಚಳಿಗಾಲದಲ್ಲಿ ಮನೆ ನಡುವಿನ ಗೋಡೆ ಮತ್ತು ಸೀಲಿಂಗ್ ಸೇರೋ ಮೂಲೆ ಬಾಯಿ ಬಿಟ್ಟು, ಬೇಸಿಗೆಗೆ ಮುಚ್ಕೊಂಡ್ರೆ ಅದಕ್ಕೆ ಕಾಂಪೌಂಡ್ ಹಾಕಬೇಡಿ. ಚಾವಣಿಯ ಮರದ ಚೌಕಟ್ಟು ಋತು ನೋಡ್ಕೊಂಡು ಬಿಲ್ಲಿನ ಹಾಗೆ ಬಾಗುತ್ತೆ, ಸೀಲಿಂಗನ್ನ ಮೇಲೆ ಎಳೆಯುತ್ತೆ. ನಾನು ಮೂರು ಚಳಿಗಾಲ ಅದನ್ನೇ ತುಂಬಿದೆ. ಕೊನೆಗೆ ಮರದ ಅಲಂಕಾರ ಪಟ್ಟಿಯನ್ನ ಸೀಲಿಂಗಿಗೆ ಮಾತ್ರ ಬಿಗಿದು ಗೋಡೆಗೆ ಸಡಿಲ ಬಿಟ್ಟೆ. ಬಿರುಕು ಈಗಲೂ ಇದೆ, ಪಟ್ಟಿ ಹಿಂದೆ. ಮತ್ತೆ ಮನೆ 1980ಕ್ಕೆ ಮುಂಚಿನದಾದ್ರೆ, ಸೀಲಿಂಗಲ್ಲಿ ಮಂಡಕ್ಕಿ ಅಂಟಿಸಿದ ಹಾಗೆ ಉಬ್ಬುಗಳಿದ್ರೆ, ಪರೀಕ್ಷೆಗೆ ಕಳಿಸದೆ ಕೆರೀಬೇಡಿ. ತೇಪೆಯ ಕಾಂಪೌಂಡುಗಳಲ್ಲಿ ಆಸ್ಬೆಸ್ಟಾಸನ್ನ (ಉಸಿರಲ್ಲಿ ಹೋದ್ರೆ ಅಪಾಯದ ಕಲ್ನಾರು) ಇಲ್ಲಿ ನಿಷೇಧಿಸಿದ್ದು 1977ರಲ್ಲಿ, ಅಂಗಡಿಯಲ್ಲಿ ಉಳಿದ ಸರಕು ಆಮೇಲೂ ಬಳಕೆಯಾಗಿದೆ.

ಧಾರವಾಡಪೇಡಾ · ಶನಿವಾರ

ಇಷ್ಟೆಲ್ಲಾ ಓದಿದ ಮ್ಯಾಲೆ ನಮ್ಮನಿ ಮಾಳಿಗಿ ನೋಡಿದ್ನಿ. ಪುಟ್ಟಿ ತಿಕ್ಕಿದಲ್ಲೇ ಮತ್ತ ಬಿರುಕು ಬಂದೈತಿ, ಕಂದು ಬಣ್ಣ ಬ್ಯಾರೆ. ಬಡದ್ರ ಡಬ್ ಡಬ್ ಅಂತೈತಿ. ಏನಿದು ಭಾವಾರ?

ಸಿವಿಲ್‌ಭಾವ · ಶನಿವಾರ

ಪೇಡಾ ಅವರೇ, ಅದು ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಿರೋ ಲಕ್ಷಣ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತೆ, ಕಾಂಕ್ರೀಟನ್ನ ಒಳಗಿಂದ ಒಡೆದು ತಳ್ಳುತ್ತೆ. ಡಬ್ ಅನ್ನೋ ಕಡೆ ಕಾಂಕ್ರೀಟು ಬಿಟ್ಟಿದೆ. ಅದರ ಕೆಳಗೆ ಮಂಚ ಇದ್ರೆ ಇವತ್ತೇ ಸರಿಸಿ. ಈ ವಿಷಯಕ್ಕೆ ನೀವೇ ಏಣಿ ಹತ್ತಬೇಡಿ, ಸ್ಥಳೀಯ ಇಂಜಿನಿಯರ್ ಒಬ್ಬರನ್ನ ಕರೆಸಿ ತೋರಿಸಿ.

ಧಾರವಾಡಪೇಡಾ · ಶನಿವಾರ

ಮಂಚ ಸರಿಸಿದ್ವಿ ರೀ. ಸೋಮವಾರ ಬರ್ತಾರಂತ.

ಬಾಲ್ಕನಿತುಳಸಿ · ಹತ್ತು ದಿನದ ನಂತರ

ವರದಿ ಒಪ್ಪಿಸೋಕೆ ಬಂದೆ.

ಬಿರುಕು: ಹದಿನಾಲ್ಕು ಹೊಸ ಸ್ಕ್ರೂ, ಕಾಗದದ ಟೇಪು, ಮೂರು ಪದರ. ಮೊದಲ ಸಲ ಟೇಪ್ ಎಳೆಯೋವಾಗ ಸೊಟ್ಟ ಹೋಗಿ ಪೂರ್ತಿ ಕಿತ್ತು ಮತ್ತೆ ಹಾಕಿದೆ. ಎರಡನೇ ಸಲ ಅದು ಹೇಗೋ ಕೈಗೆ ಬಂತು: ಬ್ಲೇಡನ್ನ ನೆಟ್ಟಗೆ ಹಿಡಿದ್ರೆ ಕೆರೆಯುತ್ತೆ, ಮಲಗಿಸಿದ್ರೆ ಸವರುತ್ತೆ. ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ! ದೋಸೆ ಹಂಚಿನ ಮೇಲೆ ಸೌಟು ಆಡಿಸೋವಾಗ ಮಣಿಕಟ್ಟು ಸಡಿಲ ಬಿಡ್ತೀವಲ್ಲ, ಹಾಗೆ ಬಿಟ್ಟಾಗ ಅಂಚು ತಾನಾಗೇ ಕರಗಿತು. ಗುಳ್ಳೆಗಳೆಲ್ಲ ಹೋದ್ವು, ಆ ಹುಕ್ಕಿನ ತೂತೂ ಮುಚ್ಚಿಬಿಟ್ಟೆ.

ಕಲೆ: ಹನಿ ಪೂರ್ತಿ ನಿಂತು ಐದು ದಿನ ಆಯ್ತು. ಪೆನ್ಸಿಲ್ ಗೆರೆ ದಾಟಿಲ್ಲ. ಆದ್ರೆ ಪೇಂಟ್ ಹೊಡೆದೆ, ಸಂಜೆಗೆ ಹಳದಿ ವಾಪಸ್! ಇನ್ನೊಂದು ಕೋಟ್, ಮತ್ತೆ ವಾಪಸ್. ಹಬ್ಬಕ್ಕೆ ಹತ್ತು ದಿನ ಉಳಿದಿದೆ.

ಗರಗಸ · ಅದೇ ರಾತ್ರಿ

ನೀರಿನ ಪೇಂಟ್ ಹೊಡೆದಿರ್ತೀರಿ. ಕಲೆಯಲ್ಲಿರೋ ಕೊಳೆ ನೀರಲ್ಲಿ ಕರಗುತ್ತೆ, ಪೇಂಟಿನ ನೀರಿನ ಜೊತೆ ಮೇಲೆ ಏರಿ ಬರುತ್ತೆ. ಹತ್ತು ಕೋಟ್ ಹೊಡೆದ್ರೂ ಅಷ್ಟೇ. ಆಯಿಲ್ ಪ್ರೈಮರ್, ಅಂದ್ರೆ ಟರ್ಪೆಂಟೈನಲ್ಲಿ ಕಲಸೋದು, ಕಲೆಗಿಂತ ನಾಲ್ಕಿಂಚು ಆಚೆವರೆಗೂ ಒಂದು ಕೋಟ್ ಹೊಡೆದು ಒಂದು ದಿನ ಬಿಡಿ. ಕಿಟಕಿ ತೆಗೆದಿರಲಿ, ಒಲೆ ಹಚ್ಚಬೇಡಿ. ಅದರ ಮೇಲೆ ನಿಮ್ಮ ಪೇಂಟು.

ಹೊಸ ತೇಪೆಗಳ ಮೇಲೂ ಪ್ರೈಮರ್ ಮರೀಬೇಡಿ. ಬರೀ ಕಾಂಪೌಂಡು ಪೇಂಟನ್ನ ಸ್ಪಂಜಿನ ಹಾಗೆ ಹೀರಿ ಆ ಜಾಗ ಮಂಕಾಗಿ ಕಾಣುತ್ತೆ. ಕೊನೆಗೆ ತೇಪೆ ಮೇಲೆ ಮಾತ್ರ ಬಣ್ಣ ಮುಟ್ಟಿಸಬೇಡಿ. ಐದು ವರ್ಷದ ಬಿಳಿಗೂ ಇವತ್ತಿನ ಬಿಳಿಗೂ ವ್ಯತ್ಯಾಸ ಇದ್ದೇ ಇರುತ್ತೆ. ಗೋಡೆಯಿಂದ ಗೋಡೆಗೆ ಪೂರ್ತಿ ಸೀಲಿಂಗು, ಒಂದೇ ಸಲಕ್ಕೆ, ರೋಲರ್ ಅಂಚು ಒಣಗೋಕೆ ಬಿಡದೆ. ಹೊಳಪಿಲ್ಲದ ಮ್ಯಾಟ್ ತಗೊಳ್ಳಿ. ಹೊಳಪು ಇದ್ರೆ ನನ್ನ ಟಾರ್ಚ್ ಮಾಡಿದ ಕೆಲಸವನ್ನ ನಿಮ್ಮ ಬಾಲ್ಕನಿ ಬಿಸಿಲು ದಿನಾ ಮಾಡುತ್ತೆ.

ಬಾಲ್ಕನಿತುಳಸಿ · ಹಬ್ಬದ ಹಿಂದಿನ ದಿನ

ಆಯ್ತು! ಕಲೆ ಇಲ್ಲ, ಗೆರೆ ಇಲ್ಲ. ಬ್ಲೇಡು, ಕಾಂಪೌಂಡು, ಟೇಪು, ಪ್ರೈಮರು, ಪೇಂಟು ಎಲ್ಲಾ ಸೇರಿ 4,300 ರೂಪಾಯಿ. ರಾತ್ರಿ ಟಾರ್ಚ್ ಹಿಡಿದ್ರೆ ಒಂದು ಕಡೆ ಸಣ್ಣ ಅಲೆ ಕಾಣುತ್ತೆ, ಅದು ನನಗೂ ಗರಗಸ ಸಾರ್‌ಗೂ ಮಾತ್ರ ಗೊತ್ತಿರಲಿ.

ಅತ್ತೆ ಮಧ್ಯಾಹ್ನ ಬಂದ್ರು. ಕಾಫಿ ಕುಡೀತಾ ಮೇಲೆ ನೋಡಿದ್ರು. ನನ್ನ ಎದೆ ಢವಢವ. "ಇಲ್ಲೊಂದು ಹುಕ್ ಇತ್ತಲ್ಲಮ್ಮ? ಹೋದ ಸಲ ನಾನೇ ಹಾಕಿಸಿದ್ದೆ, ಮಂಟಪದ ಮೇಲೆ ಹೂವಿನ ಸರ ಇಳಿಬಿಡೋಕೆ. ಎಲ್ಲಿ ಹೋಯ್ತು?"

ಈಗ ಏನು ಮಾಡ್ಲಿ ಗರಗಸ ಸಾರ್?

ಗರಗಸ · ಹಬ್ಬದ ಹಿಂದಿನ ದಿನ, ರಾತ್ರಿ

ಅಯಸ್ಕಾಂತ ತಗೊಳ್ಳಿ. ಆ ಹಳೇ ತೂತಿಗೆ ಹತ್ತಿರದ ಸ್ಕ್ರೂ ಸಾಲು ಹುಡುಕಿ, ಚಾನೆಲ್ ಇರೋ ಕಡೆಗೇ ಸಣ್ಣ ಸ್ಕ್ರೂ ಹುಕ್ ಹಾಕಿ. ಹೂವಿನ ಸರಕ್ಕೆ ಸಾಕು. ಬಾಳೆಕಂದು, ತೆಂಗಿನಕಾಯಿ ಏನೂ ಅದಕ್ಕೆ ಕಟ್ಟಬೇಡಿ ಅಂತ ಅತ್ತೆಯವರಿಗೆ ಈಗಲೇ ಹೇಳಿಬಿಡಿ. ಪುಡಿ ಉದುರುತ್ತೆ, ಕಲಶ ಇಡೋಕೆ ಮುಂಚೆ ಕೊರೀರಿ.